ಗಡ್ಡೆಯೆಲ್ಲ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಎಲ್ಲ ಒಂದೇ ಅಲ್ಲ

(ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಪೆಥಾಲಜಿಸ್ಟ್. ರೋಗಿಗಳು ನಮ್ಮ ಮುಖ ನೋಡುವುದು ಅಪರೂಪ. ಗಂಟಿನಿಂದ ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಾರಲ್ಲ, ಆ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರಿಪೋರ್ಟ್ ಬರೆಯುವವರು ನಾವು. ಅದನ್ನು ಕೈಗೆ ತೆಗೆದುಕೊಂಡವರ ಕಣ್ಣು ಒಂದೇ ಒಂದು ಪದವನ್ನು ಹುಡುಕುತ್ತದೆ. ಆ ಪದ ಸಿಕ್ಕಿತೆಂದರೆ ಮುಗಿಯಿತು, ಮಿಕ್ಕ ಸಾಲುಗಳು ಯಾರಿಗೂ ಕಾಣುವುದೇ ಇಲ್ಲ. ಇವತ್ತು ನಾನು ಮಾತಾಡಬೇಕೆಂದು ಬಂದಿರುವುದು ಆ ಮಿಕ್ಕ ಸಾಲುಗಳ ಬಗ್ಗೆ. ಯಾವ ಅಂಗದಲ್ಲಿ ಹುಟ್ಟಿದ್ದು, ಯಾವ ಬಗೆಯ ಕೋಶ, ನೋಟದಲ್ಲಿ ಎಷ್ಟು ಕೆಟ್ಟಿದೆ, ಎಲ್ಲಿಯವರೆಗೆ ಹೋಗಿದೆ ಎನ್ನುವುದೆಲ್ಲ ಅಲ್ಲಿರುತ್ತದೆ. ಮುಂದಿನ ದಾರಿಯನ್ನು ತೀರ್ಮಾನಿಸುವುದು ಅವೇ. 'ಕ್ಯಾನ್ಸರ್' ಎಂಬ ಪದವೊಂದೇ ಹೇಳುವುದು ತೀರ ಕಡಿಮೆ.

ಮೊದಲು ಕೋಶದಿಂದ ಶುರು ಮಾಡೋಣ. ವಯಸ್ಕರ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ ಎಂದು ಅಂದಾಜು. ಇವುಗಳಲ್ಲಿ ಬಹಳಷ್ಟು ಸವೆಯುತ್ತಲೇ ಇರುತ್ತವೆ, ಹೊಸವು ಹುಟ್ಟುತ್ತಲೇ ಇರುತ್ತವೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಕರುಳಿನ ಒಳಪದರದ ಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೋಗುತ್ತವೆ. ಹೀಗೆ ದಿನವೊಂದಕ್ಕೆ 33,000 ಕೋಟಿಯಷ್ಟು ಕೋಶಗಳು ಬದಲಾಗುತ್ತವೆ. ಪ್ರತಿ ಸಲ ಕೋಶ ಒಡೆದು ಎರಡಾಗುವಾಗಲೂ ಅದರೊಳಗಿನ ಡಿಎನ್‌ಎ ಪೂರ್ತಿ ನಕಲಾಗಬೇಕು. ತಾಯಿಯಿಂದ 300 ಕೋಟಿ ಅಕ್ಷರ, ತಂದೆಯಿಂದ 300 ಕೋಟಿ ಅಕ್ಷರ. ಇಷ್ಟು ದೊಡ್ಡ ನಕಲಿನಲ್ಲಿ ತಪ್ಪು ಬರದೇ ಇರುವುದು ಸಾಧ್ಯವಿಲ್ಲ. ತಪ್ಪನ್ನು ಹುಡುಕಿ ತಿದ್ದುವ ವ್ಯವಸ್ಥೆ ಕೋಶದೊಳಗೇ ಇದೆ, ತಿದ್ದಲಾಗದಿದ್ದರೆ ಆ ಕೋಶ ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ. ಇಷ್ಟೆಲ್ಲ ಕೆಲಸ ಸದ್ದಿಲ್ಲದೆ ನಡೆಯುತ್ತಿರುವುದರಿಂದಲೇ ನಾವು ನೀವೆಲ್ಲ ಇಲ್ಲಿ ಕುಳಿತಿದ್ದೇವೆ. ಕ್ಯಾನ್ಸರ್ ಯಾಕೆ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಇಷ್ಟು ಕೋಶಗಳಿದ್ದೂ ಬಹುಪಾಲು ಜನರಿಗೆ ಬಹುಕಾಲ ಅದು ಬಾರದೇ ಇರುವುದು ನನಗೆ ಇವತ್ತಿಗೂ ಸೋಜಿಗ.

ಉಳಿದುಹೋದ ತಪ್ಪುಗಳಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ. ತೊಂದರೆ ಬರುವುದು, ಕೋಶ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂದು ಆದೇಶ ಕೊಡುವ ಜೀನ್‌ಗಳಲ್ಲೇ ತಪ್ಪಾದಾಗ. ಇದು ಗೊತ್ತಾದ ಬಗೆ ಸ್ವಾರಸ್ಯವಾಗಿದೆ. 1911ರಲ್ಲಿ ಪೇಟನ್ ರೌಸ್ ಎಂಬ ವಿಜ್ಞಾನಿ ಕೋಳಿಯ ಗಡ್ಡೆಯೊಂದನ್ನು ಅರೆದು, ಕೋಶಗಳೆಲ್ಲ ಹೊರಗುಳಿಯುವಂತೆ ಸೋಸಿ, ಆ ದ್ರವವನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವುಗಳಲ್ಲೂ ಗಡ್ಡೆ ಬಂತು. ಅದು ವೈರಸ್‌ನ ಕೆಲಸ. ಅದಕ್ಕೆ ನೊಬೆಲ್ ಬಂದದ್ದು 1966ರಲ್ಲಿ, 55 ವರ್ಷಗಳ ನಂತರ. ಕ್ಯಾನ್ಸರ್ ಅಂದರೆ ಹೊರಗಿನಿಂದ ಬಂದು ಸೇರಿಕೊಳ್ಳುವ ಏನೋ ಒಂದು ಎಂದು ಅನೇಕರು ಅಂದುಕೊಂಡರು. ಆದರೆ 1976ರಲ್ಲಿ ಮೈಕಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ಅವರ ತಂಡ ತೋರಿಸಿದ್ದೇ ಬೇರೆ. ಆ ವೈರಸ್ ಹೊತ್ತು ತಿರುಗುತ್ತಿದ್ದ ಜೀನ್ ಮೂಲತಃ ಕೋಳಿಯದೇ. ಆರೋಗ್ಯವಂತ ಕೋಶದಲ್ಲಿ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುವ ಜೀನ್ ಅದು. ವೈರಸ್ ಅದನ್ನು ಯಾವಾಗಲೋ ಎತ್ತಿಕೊಂಡು ಕೆಡಿಸಿತ್ತು, ಅಷ್ಟೆ. ಮುಂದೆ 1982ರಲ್ಲಿ ಮನುಷ್ಯರ ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿ 'ರಾಸ್' ಎಂಬ ಜೀನನ್ನು ಅಕ್ಷರ ಅಕ್ಷರವಾಗಿ ಓದಿದಾಗ, ಒಳ್ಳೆಯ ರಾಸ್‌ಗೂ ಕೆಟ್ಟ ರಾಸ್‌ಗೂ ಇದ್ದ ವ್ಯತ್ಯಾಸ ಒಂದೇ ಅಕ್ಷರ. ಆ ಒಂದಕ್ಷರದ ದೆಸೆಯಿಂದ 'ಬೆಳೆ' ಎಂಬ ಆದೇಶ ನಿಲ್ಲುವುದೇ ಇಲ್ಲ.

ಇನ್ನೊಂದು ಬಗೆಯ ಜೀನ್‌ಗಳು ಬೆಳವಣಿಗೆಯನ್ನು ತಡೆಹಿಡಿಯುವಂಥವು. ಇವುಗಳಲ್ಲಿ ಸಾಮಾನ್ಯವಾಗಿ ತಾಯಿಯಿಂದ ಬಂದ ಪ್ರತಿ, ತಂದೆಯಿಂದ ಬಂದ ಪ್ರತಿ ಎರಡೂ ಕೆಡಬೇಕು. ಮಕ್ಕಳ ಕಣ್ಣಿನಲ್ಲಿ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರನ್ನು ಅಭ್ಯಸಿಸಿ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಇದನ್ನು ಊಹಿಸಿದರು. ಹುಟ್ಟುವಾಗಲೇ ಒಂದು ಪ್ರತಿ ಕೆಟ್ಟಿದ್ದ ಮಕ್ಕಳಿಗೆ ಇನ್ನೊಂದು ಕೆಟ್ಟರೆ ಸಾಕು, ಹಾಗಾಗಿ ಅವರಿಗೆ ಬೇಗ ಬರುತ್ತದೆ, ಎಷ್ಟೋ ಸಲ ಎರಡೂ ಕಣ್ಣಿಗೆ. ಕೆಲವು ಮನೆತನಗಳಲ್ಲಿ ಕ್ಯಾನ್ಸರ್ ಹೆಚ್ಚಾಗಿ ಕಾಣುವುದಕ್ಕೂ ವಿವರಣೆ ಇದೇ. ಆದರೆ ಹೀಗೆ ವಂಶದಿಂದ ಬರುವುದು ಒಟ್ಟು ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ. ತಡೆಹಿಡಿಯುವ ಜೀನ್‌ಗಳಲ್ಲಿ ಹೆಸರಾದದ್ದು ಪಿ53. ಕೋಶದ ಡಿಎನ್‌ಎಗೆ ಏಟು ಬಿದ್ದರೆ ನಕಲು ನಿಲ್ಲಿಸುವುದು, ದುರಸ್ತಿಯಾಗದಿದ್ದರೆ ಕೋಶವನ್ನು ಕೊನೆಗಾಣಿಸುವುದು ಇದರ ಕೆಲಸ. ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಇದು ಕೆಟ್ಟಿರುತ್ತದೆ. ನಮ್ಮಲ್ಲಿ ಇದರ ಒಂದು ಜೋಡಿ ಇದ್ದರೆ ಆನೆಯಲ್ಲಿ ಸುಮಾರು 20 ಜೋಡಿ ಇವೆ. ಅಷ್ಟು ದೊಡ್ಡ ಮೈಯ, ಅಷ್ಟು ದೀರ್ಘಕಾಲ ಬದುಕುವ ಪ್ರಾಣಿಗೆ ಕ್ಯಾನ್ಸರ್ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದೆಂದು ಭಾವಿಸಲಾಗಿದೆ.

ಒಂದು ಜೀನ್ ಕೆಟ್ಟ ಮಾತ್ರಕ್ಕೆ ಕ್ಯಾನ್ಸರ್ ಬರುವುದು ವಿರಳ. ಒಂದರ ಮೇಲೊಂದು ಹಲವು ಕೆಡಬೇಕು, ಅದೂ ಒಂದೇ ಕೋಶದ ಸಂತತಿಯಲ್ಲಿ. ಅದಕ್ಕೆ ವರ್ಷಗಟ್ಟಲೆ ಬೇಕು. ವಯಸ್ಸಾದಂತೆ ಕ್ಯಾನ್ಸರ್ ಹೆಚ್ಚುವುದು ಅದಕ್ಕಾಗಿಯೇ. ಹೊಸ ತಪ್ಪು ಬಂದ ಪ್ರತಿ ಸಲವೂ ಯಾವ ಕೋಶ ತುಸು ಬೇಗ ಹೆಚ್ಚುತ್ತದೋ, ಯಾವುದು ಸಾಯದೆ ಉಳಿಯುತ್ತದೋ ಅದರ ಸಂತತಿ ಉಳಿದವನ್ನು ಹಿಂದಿಕ್ಕುತ್ತದೆ. ಪೀಟರ್ ನೋವೆಲ್ 1976ರಲ್ಲಿ ಕ್ಯಾನ್ಸರನ್ನು ಹೀಗೆ ವಿವರಿಸಿದರು. ಜೀವವಿಕಾಸ ಎಂದು ಶಾಲೆಯಲ್ಲಿ ಓದುತ್ತೇವಲ್ಲ, ಅದೇ ನಮ್ಮ ಮೈಯೊಳಗೆ, ಒಂದು ಆಯುಷ್ಯದೊಳಗೆ ನಡೆಯುವುದು. ಒಂದೇ ಗಡ್ಡೆಯ ಎರಡು ಮೂಲೆಗಳ ಕೋಶಗಳು ಒಂದೇ ಥರ ಇರುವುದಿಲ್ಲ. ಒಂದು ಔಷಧಿಗೆ ಗಡ್ಡೆ ಕರಗಿ, ಕೆಲವು ತಿಂಗಳ ಮೇಲೆ ಮತ್ತೆ ಚಿಗುರಿದರೆ ಔಷಧಿ ಸುಳ್ಳೆಂದು ಅರ್ಥವಲ್ಲ. ಅದಕ್ಕೆ ಬಗ್ಗದ ಒಂದಷ್ಟು ಕೋಶಗಳು ಮೊದಲೇ ಅಲ್ಲಿದ್ದಿರಬಹುದು. ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವುದರ ಹಿಂದಿನ ಒಂದು ತರ್ಕವೂ ಇದೇ.

ತಪ್ಪುಗಳನ್ನು ಹೆಚ್ಚಿಸುವ ಸಂಗತಿಗಳನ್ನು ನೀವು ಕೇಳಿಯೇ ಇರುತ್ತೀರಿ: ತಂಬಾಕು, ಮದ್ಯ, ಬಿಸಿಲಿನ ಅತಿನೇರಳೆ ಕಿರಣ, ವಿಕಿರಣ. 1775ರಷ್ಟು ಹಿಂದೆಯೇ ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಸರ್ಜನ್ ಚಿಮಣಿ ಗುಡಿಸುವವರಲ್ಲಿ ಕಾಣುವ ವೃಷಣಚೀಲದ ಕ್ಯಾನ್ಸರಿಗೂ ಮಸಿಗೂ ನಂಟಿದೆ ಎಂದು ಬರೆದಿದ್ದರು. ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ, ಲಿವರ್ ಕ್ಯಾನ್ಸರಿಗೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ಕಾರಣವಾಗುತ್ತವೆ. ಎಚ್‌ಪಿವಿಗೂ ಹೆಪಟೈಟಿಸ್ ಬಿಗೂ ಲಸಿಕೆ ಇದೆ. ಕ್ಯಾನ್ಸರನ್ನು ತಡೆಯುವ ಲಸಿಕೆ ಇರುವಾಗ ಅದು ಬೇಕಾದ ಮಗುವಿಗೆ ಸಿಗದೇ ಹೋದರೆ ನನಗೆ ಸಂಕಟವಾಗುತ್ತದೆ. ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಎಷ್ಟೋ ಕ್ಯಾನ್ಸರ್‌ಗಳು ಯಾವ ಚಟವೂ ಇಲ್ಲದವರಿಗೆ, ನಕಲಿನ ತಪ್ಪುಗಳಿಂದಲೇ ಬರುತ್ತವೆ. 'ನಾನೇನು ಪಾಪ ಮಾಡಿದ್ದೆ' ಎಂದು ಕೊರಗುವವರಿಗೆ ಇದನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಈಗ ಸ್ವಲ್ಪ ಲೆಕ್ಕ. ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಹತ್ತು ಸಲ ಇಮ್ಮಡಿಯಾದರೆ ಸುಮಾರು ಸಾವಿರ ಕೋಶ. ಇಪ್ಪತ್ತು ಸಲಕ್ಕೆ ಹತ್ತು ಲಕ್ಷ, ಇನ್ನೂ ಕಣ್ಣಿಗೆ ಕಂಡೂ ಕಾಣದಷ್ಟು. ಮೂವತ್ತು ಸಲಕ್ಕೆ ನೂರು ಕೋಟಿ. ಅಷ್ಟು ಕೋಶ ಸೇರಿದರೆ ಸುಮಾರು ಒಂದು ಸೆಂಟಿಮೀಟರ್ ಅಗಲದ, ಒಂದು ಗ್ರಾಂ ತೂಕದ ಗಂಟು. ಕೈಗೆ ಸಿಗುವುದು, ಸ್ಕ್ಯಾನಿನಲ್ಲಿ ಸಲೀಸಾಗಿ ಕಾಣುವುದು ಹೆಚ್ಚುಕಡಿಮೆ ಈ ಹಂತದಲ್ಲಿ. ಇಲ್ಲಿಂದ ಇನ್ನು ಹತ್ತೇ ಸಲ ಇಮ್ಮಡಿಯಾದರೆ ಒಂದು ಕಿಲೋ. ಅಂದರೆ 'ಆರಂಭದಲ್ಲೇ ಸಿಕ್ಕಿತು' ಎಂದು ನಾವು ಹೇಳುವ ಗಂಟು ಆಗಲೇ ತನ್ನ ಪಯಣದ ಮುಕ್ಕಾಲು ಭಾಗ ಮುಗಿಸಿರುತ್ತದೆ. ನಿಜವಾದ ಗಡ್ಡೆ ಈ ಲೆಕ್ಕದಂತೆ ನೇರವಾಗಿ ಬೆಳೆಯುವುದಿಲ್ಲ, ಹುಟ್ಟಿದ ಕೋಶಗಳಲ್ಲಿ ಬಹಳಷ್ಟು ಸಾಯುತ್ತವೆ, ದೊಡ್ಡದಾದಂತೆ ವೇಗವೂ ತಗ್ಗುತ್ತದೆ. ಬರ್ಕಿಟ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ (ಲಿಂಫ್ ನೋಡ್) ಕ್ಯಾನ್ಸರ್ ಒಂದೆರಡು ದಿನದಲ್ಲಿ ಇಮ್ಮಡಿಯಾಗಬಲ್ಲದು, ಪ್ರಾಸ್ಟೇಟಿನ ಕೆಲವು ಕ್ಯಾನ್ಸರ್‌ಗಳಿಗೆ ಅದಕ್ಕೇ ವರ್ಷಗಳು ಬೇಕು.

ಹಾಗಾದರೆ ಗಡ್ಡೆಗೂ ಕ್ಯಾನ್ಸರಿಗೂ ಇರುವ ಗೆರೆ ಎಲ್ಲಿದೆ? ಇದನ್ನು ನನ್ನ ಮೇಜಿನಿಂದಲೇ ತೋರಿಸುತ್ತೇನೆ. ನಮಗೆ ಬಂದ ಚೂರನ್ನು ಫಾರ್ಮಲಿನ್‌ನಲ್ಲಿ ಹದ ಮಾಡಿ, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಮೂರು ನಾಲ್ಕು ಪಾಲಿನಷ್ಟು ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತಾರೆ. ಕೋಶಕೇಂದ್ರಗಳು ನೀಲಿ ನೇರಳೆ, ಸುತ್ತಲಿನದು ಗುಲಾಬಿ. ದೊಡ್ಡ ಕರುಳಿನಿಂದ ತೆಗೆದ ಒಂದು ಪಾಲಿಪ್, ಅಂದರೆ ಒಳಗೋಡೆಯಿಂದ ಎದ್ದ ಸಣ್ಣ ಗಂಟು, ಎಂದುಕೊಳ್ಳಿ. ಆರೋಗ್ಯವಾಗಿರುವ ಕಡೆ ಗ್ರಂಥಿಗಳು ಸಾಲಾಗಿ, ಒಂದೇ ಅಳತೆಯಲ್ಲಿ ನಿಂತಿರುತ್ತವೆ, ಪ್ರತಿ ಕೋಶದ ಕೇಂದ್ರವೂ ಬುಡದಲ್ಲಿ. ಪಾಲಿಪ್‌ನೊಳಗೆ ಬಂದರೆ ಗ್ರಂಥಿಗಳು ಒತ್ತೊತ್ತಾಗಿವೆ, ಕೇಂದ್ರಗಳು ಉದ್ದುದ್ದ, ಕಡುಬಣ್ಣ, ಒಂದರ ಮೇಲೊಂದು ಏರಿ ನಿಂತಿವೆ. ನೋಟ ಕೆಟ್ಟಿದೆ ನಿಜ. ಆದರೂ ಇದಕ್ಕೆ ನಾನು ಕ್ಯಾನ್ಸರ್ ಎನ್ನುವುದಿಲ್ಲ, ಅಡಿನೋಮಾ ಎನ್ನುತ್ತೇನೆ. ನಾನು ಹುಡುಕುವುದು ತಳದ ಸ್ನಾಯುವಿನ ತೆಳು ಗೆರೆಯನ್ನು. ಕೆಟ್ಟ ಗ್ರಂಥಿಗಳೆಲ್ಲ ಗೆರೆಯಿಂದ ಮೇಲ್ಗಡೆಯೇ ಇದ್ದರೆ ಪಾಲಿಪ್ ಪೂರ್ತಿ ತೆಗೆದಲ್ಲಿಗೆ ಆ ಅಪಾಯ ತೀರಿತು. ಗೆರೆ ಒಡೆದು ಕೆಳಗಿನ ಪದರಕ್ಕೆ ಒಂದೆರಡು ಗ್ರಂಥಿ ಇಳಿದಿದ್ದರೂ ಅದು ಕ್ಯಾನ್ಸರ್, ಯಾಕೆಂದರೆ ರಕ್ತನಾಳಗಳು, ದುಗ್ಧನಾಳಗಳು (ಲಿಂಫ್ ಹರಿಯುವ ನಾಳಗಳು) ಧಾರಾಳವಾಗಿರುವುದು ಅಲ್ಲಿ. ಆ ಗೆರೆಯ ಉದ್ದಕ್ಕೂ ಕಣ್ಣು ಹಾಯಿಸುವಾಗ ನನ್ನ ಉಸಿರು ಸ್ವಲ್ಪ ನಿಧಾನವಾಗುತ್ತದೆ.

ಸ್ತನ, ಗರ್ಭಕಂಠ, ಚರ್ಮಗಳಲ್ಲೂ ಇಂಥದೇ ಗೆರೆ ಇದೆ, ಅಲ್ಲಿ ಅದು ಕೋಶಗಳು ಕುಳಿತಿರುವ ತಳಪೊರೆ. ಕೋಶಗಳು ಕ್ಯಾನ್ಸರಿನಂತೆಯೇ ಕಂಡರೂ ಪೊರೆ ದಾಟದಿದ್ದರೆ 'ಇನ್ ಸೈಟು', ಅಂದರೆ ಇದ್ದಲ್ಲೇ ಇದೆ, ಎಂದು ಬರೆಯುತ್ತೇವೆ. ರಿಪೋರ್ಟಿನಲ್ಲಿ ಈ ಎರಡು ಪದ ಕಂಡರೆ ದಯವಿಟ್ಟು ಅಲ್ಲಿ ನಿಂತು ಓದಿ.

ಅಕ್ಕಪಕ್ಕದ ಅಂಗಾಂಶಕ್ಕೆ ನುಗ್ಗದೆ, ದೂರಕ್ಕೆ ಹರಡದೆ ತನ್ನ ಜಾಗದಲ್ಲೇ ಬೆಳೆಯುವ ಗಡ್ಡೆಗಳನ್ನು ಸೌಮ್ಯ ಗಡ್ಡೆಗಳು ಅನ್ನುತ್ತೇವೆ. ಚರ್ಮದಡಿ ಬರುವ ಕೊಬ್ಬಿನ ಗಂಟು, ಗರ್ಭಕೋಶದ ಫೈಬ್ರಾಯ್ಡ್ ಇಂಥವು. ಸೌಮ್ಯ ಎಂದ ಕೂಡಲೇ ನಿಶ್ಚಿಂತೆ ಎಂದಲ್ಲ. ತಲೆಬುರುಡೆಯೊಳಗೆ ಜಾಗವೇ ಇಲ್ಲದ ಕಡೆ ಬೆಳೆದ ಸೌಮ್ಯ ಗಡ್ಡೆ ಮಿದುಳನ್ನು ಒತ್ತಿ ಪ್ರಾಣಕ್ಕೇ ಎರವಾಗಬಹುದು. ಎದುರು ಬದಿಯಲ್ಲಿ, ಚರ್ಮದ ಬೇಸಲ್ ಸೆಲ್ ಕಾರ್ಸಿನೋಮಾ ಹೆಸರಿಗೆ ಕ್ಯಾನ್ಸರೇ, ದೂರಕ್ಕೆ ಹರಡುವುದು ತೀರಾ ಅಪರೂಪ. ರಕ್ತದ ಕ್ಯಾನ್ಸರಿನಲ್ಲಂತೂ ಸಾಮಾನ್ಯವಾಗಿ ಗಡ್ಡೆಯೇ ಇರುವುದಿಲ್ಲ.

ಗೆರೆ ದಾಟಿದ ಮೇಲೆ ಏನಾಗುತ್ತದೆ? ಗಡ್ಡೆ ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಬೇಕಾದರೆ ಅದಕ್ಕೆ ಆಮ್ಲಜನಕ, ಆಹಾರ ತಲುಪಬೇಕು. ಸುತ್ತಲಿನ ರಕ್ತನಾಳಗಳಿಗೆ ಸಂಕೇತ ಕಳಿಸಿ ತನ್ನತ್ತ ಹೊಸ ಕವಲು ಒಡೆಯುವಂತೆ ಗಡ್ಡೆ ಮಾಡಿಕೊಳ್ಳುತ್ತದೆ ಎಂದು 1971ರಲ್ಲಿ ಜೂಡಾ ಫೋಕ್‌ಮನ್ ಹೇಳಿದಾಗ ನಂಬಿದವರು ಕಡಿಮೆ. ಆ ಕವಲುಗಳನ್ನು ತಡೆಯುವ ಔಷಧಿ, ಬೆವಸಿಜುಮಾಬ್, 2004ರಲ್ಲಿ ಬಳಕೆಗೆ ಬಂತು. ಹೀಗೆ ಹುಟ್ಟಿದ ನಾಳಗಳು ಸೋರುವಂಥವು, ಅಡ್ಡಾದಿಡ್ಡಿ ಬೆಳೆದವು. ಆಹಾರ ಒಳಬರುವ ಆ ದಾರಿಯಲ್ಲೇ ಕ್ಯಾನ್ಸರ್ ಕೋಶಗಳಿಗೆ ಹೊರಹೋಗಲು ಅವಕಾಶವೂ ಸಿಗುತ್ತದೆ.

ಆದರೆ ರಕ್ತಕ್ಕೆ ಇಳಿದ ಕೋಶದ ಪಾಡು ಸುಲಭದ್ದಲ್ಲ. ರಕ್ತದ ರಭಸಕ್ಕೆ ಹರಿದುಹೋಗುತ್ತದೆ, ರೋಗನಿರೋಧಕ ಕೋಶಗಳ ಕೈಗೆ ಸಿಗುತ್ತದೆ. ಬದುಕಿ ಉಳಿದದ್ದು ಎಲ್ಲೋ ಸಣ್ಣ ನಾಳದಲ್ಲಿ ಸಿಕ್ಕಿ, ಅದರ ಗೋಡೆ ದಾಟಿ, ಹೊಸ ಅಂಗದಲ್ಲಿ ಬೇರೂರಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ, ರಕ್ತ ಸೇರಿದ ಹತ್ತು ಸಾವಿರ ಕೋಶಗಳಲ್ಲಿ ಒಂದೂ ಹೊಸ ಗಡ್ಡೆಯಾಗುವುದಿಲ್ಲ ಎಂದು ಕಂಡುಬಂದಿದೆ. ಆದರೂ ಕ್ಯಾನ್ಸರಿನಿಂದಾಗುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಮೊದಲ ಗಡ್ಡೆಯಲ್ಲ, ಹೀಗೆ ಹರಡಿದ್ದು.

ಎಲ್ಲಿಗೆ ಹರಡುತ್ತದೆ ಎಂಬುದು ಲಾಟರಿಯಲ್ಲ. 1889ರಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ಇಂಗ್ಲಿಷ್ ಸರ್ಜನ್, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ಮರಣೋತ್ತರ ಪರೀಕ್ಷೆಯ ದಾಖಲೆಗಳನ್ನು ಜಾಲಾಡಿದರು. ಲಿವರಿನಲ್ಲಿ ಗಡ್ಡೆಗಳು ಮತ್ತೆ ಮತ್ತೆ ಕಂಡವು. ರಕ್ತದ ಹರಿವು ಚೆನ್ನಾಗಿಯೇ ಇರುವ ಗುಲ್ಮದಲ್ಲಿ (ಸ್ಪ್ಲೀನ್) ಬಲು ಕಡಿಮೆ. ಬೀಜ ಎಲ್ಲೆಡೆ ಬೀಳುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ಅವರು ಬರೆದರು. ರಕ್ತದ ದಾರಿಯ ಪಾತ್ರವೂ ದೊಡ್ಡದೇ. ಕರುಳಿನ ರಕ್ತ ಮೊದಲು ಲಿವರಿಗೆ ಹೋಗುತ್ತದೆ, ಹಾಗಾಗಿ ದೊಡ್ಡ ಕರುಳಿನ ಕ್ಯಾನ್ಸರ್ ಮೊದಲು ಕಾಲಿಡುವುದು ಅನೇಕ ಸಲ ಅಲ್ಲಿಯೇ. ಪ್ರಾಸ್ಟೇಟ್ ಕ್ಯಾನ್ಸರಿಗೆ ಮೂಳೆ, ಅದರಲ್ಲೂ ಬೆನ್ನುಮೂಳೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಕರುಳಿನಿಂದ ಲಿವರಿಗೆ ಹೋದ ಗಡ್ಡೆ ಲಿವರ್ ಕ್ಯಾನ್ಸರ್ ಅಲ್ಲ. ಅದು ಲಿವರಿನಲ್ಲಿ ಕುಳಿತಿರುವ ಕರುಳಿನ ಕ್ಯಾನ್ಸರ್. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಲಿವರಿನ ಕೋಶಗಳ ನಡುವೆ ಕರುಳಿನ ಗ್ರಂಥಿಗಳೇ ಕಾಣುತ್ತವೆ. ಔಷಧಿಯೂ ಕರುಳಿನ ಕ್ಯಾನ್ಸರಿನದೇ. ಸ್ಕ್ಯಾನಿನಲ್ಲಿ ಲಿವರ್ ಗಡ್ಡೆ ಕಂಡಾಗ 'ಇದು ಎಲ್ಲಿಂದ ಬಂದದ್ದು' ಎಂದು ಪತ್ತೆ ಮಾಡಲು ನಾವು ಪಡುವ ಪಾಡು ಅದಕ್ಕೇ.

ವರ್ಗೀಕರಣಕ್ಕೆ ಬರುತ್ತೇನೆ. ಅಂಗಗಳ ಹೊದಿಕೆ, ಒಳಪದರ, ಗ್ರಂಥಿಗಳಲ್ಲಿ ಹುಟ್ಟುವವು ಕಾರ್ಸಿನೋಮಾಗಳು. ವಯಸ್ಕರ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಇವೇ. ಮೂಳೆ, ಸ್ನಾಯು, ಕೊಬ್ಬಿನಂಥ ಅಂಗಾಂಶದಲ್ಲಿ ಹುಟ್ಟುವವು ಸಾರ್ಕೋಮಾ. ರಕ್ತ ತಯಾರಿಸುವ ಕೋಶಗಳದ್ದು ಲ್ಯುಕೇಮಿಯಾ, ದುಗ್ಧಕೋಶಗಳದ್ದು ಲಿಂಫೋಮಾ. ಮಿದುಳಿನ ಗಡ್ಡೆಗಳದ್ದು ಬೇರೆಯೇ ಪಟ್ಟಿ.

ಜನ ಅತಿ ಹೆಚ್ಚು ಬೆರೆಸಿಕೊಳ್ಳುವುದು ಗ್ರೇಡ್ ಮತ್ತು ಸ್ಟೇಜ್‌ಗಳನ್ನು. 'ಗ್ರೇಡ್ 3' ಎಂದು ಓದಿ ಮೂರನೇ ಸ್ಟೇಜ್ ಎಂದು ಕುಸಿದು ಕುಳಿತವರನ್ನು ನೋಡಿದ್ದೇನೆ. ಗ್ರೇಡ್ ಹೇಳುವುದು ಕೋಶಗಳ ನಡತೆಯನ್ನು. ಸ್ತನ ಕ್ಯಾನ್ಸರಿನಲ್ಲಿ ನಾವು ಮೂರು ಸಂಗತಿ ನೋಡುತ್ತೇವೆ: ಕೋಶಗಳು ಇನ್ನೂ ನಳಿಕೆಗಳಾಗಿ ಜೋಡಿಸಿಕೊಂಡಿವೆಯೇ, ಕೇಂದ್ರಗಳು ಎಷ್ಟು ವಿಕಾರವಾಗಿವೆ, ಗೊತ್ತಾದ ವಿಸ್ತೀರ್ಣದಲ್ಲಿ ಒಡೆಯುತ್ತಿರುವ ಕೋಶಗಳೆಷ್ಟು. ಪ್ರತಿಯೊಂದಕ್ಕೂ ಒಂದರಿಂದ ಮೂರು ಅಂಕ. ಮೊತ್ತ 3ರಿಂದ 5 ಬಂದರೆ ಗ್ರೇಡ್ 1, 6 ಅಥವಾ 7 ಬಂದರೆ ಗ್ರೇಡ್ 2, 8 ಅಥವಾ 9 ಬಂದರೆ ಗ್ರೇಡ್ 3. ಒಂದು ಸೆಂಟಿಮೀಟರಿನ, ಎಲ್ಲಿಗೂ ಹರಡದ ಗಡ್ಡೆ ಗ್ರೇಡ್ 3 ಇರಬಹುದು, ಆದರೂ ಅದು ಮೊದಲ ಸ್ಟೇಜೇ.

ಸ್ಟೇಜ್ ಹೇಳುವುದು ಎಲ್ಲಿಯವರೆಗೆ ಹೋಗಿದೆ ಎಂಬುದನ್ನು. ಫ್ರಾನ್ಸಿನ ಪಿಯರ್ ಡೆನ್ವಾ 1940ರ ದಶಕದಲ್ಲಿ ರೂಪಿಸಲು ತೊಡಗಿದ ಟಿಎನ್‌ಎಂ ಪದ್ಧತಿ ಇಂದಿಗೂ ಹೆಚ್ಚಿನ ಗಡ್ಡೆಗಳಿಗೆ ಅಳತೆಗೋಲು. ಟಿ ಎಂದರೆ ಮೂಲ ಗಡ್ಡೆ, ಎನ್ ಎಂದರೆ ಹತ್ತಿರದ ದುಗ್ಧಗ್ರಂಥಿಗಳು, ಎಂ ಎಂದರೆ ದೂರದ ಹರಡುವಿಕೆ. ಟಿಯನ್ನು ಎಲ್ಲ ಕಡೆ ಒಂದೇ ಥರ ಅಳೆಯುವುದಿಲ್ಲ. ಸ್ತನದಲ್ಲಿ ಗಾತ್ರ ಮುಖ್ಯ, 2 ಸೆಂಟಿಮೀಟರ್ ಒಳಗಿದ್ದರೆ ಟಿ1, 5 ದಾಟಿದರೆ ಟಿ3. ದೊಡ್ಡ ಕರುಳಿನಲ್ಲಿ ಅಗಲ ಎಷ್ಟಾದರೂ ಇರಲಿ, ಗೋಡೆಯೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದೇ ಲೆಕ್ಕ. ಈ ಮೂರನ್ನು ಸೇರಿಸಿ ಒಂದರಿಂದ ನಾಲ್ಕರವರೆಗೆ ಸ್ಟೇಜ್ ಕೊಡುತ್ತಾರೆ.

ಸ್ಟೇಜಿನ ಸಂಖ್ಯೆಯೂ ಕ್ಯಾನ್ಸರಿನ ಹೆಸರಿಲ್ಲದೆ ಅರ್ಥವಾಗುವುದಿಲ್ಲ. ಥೈರಾಯ್ಡಿನ ಪ್ಯಾಪಿಲರಿ ಕ್ಯಾನ್ಸರ್ 55 ವರ್ಷದೊಳಗಿನವರಲ್ಲಿ ಶ್ವಾಸಕೋಶಕ್ಕೆ ಹರಡಿದ್ದರೂ ಈಗಿನ ಪದ್ಧತಿಯಲ್ಲಿ ಎರಡನೇ ಸ್ಟೇಜ್. ವೃಷಣದ ಕ್ಯಾನ್ಸರಿಗೆ ನಾಲ್ಕನೇ ಸ್ಟೇಜೇ ಇಲ್ಲ, ದೂರಕ್ಕೆ ಹರಡಿದ ಮೇಲೂ ಗುಣವಾಗುವವರು ಹೆಚ್ಚು. ಅದೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎರಡನೇ ಸ್ಟೇಜಿನಲ್ಲಿ ಸಿಕ್ಕರೂ ಕಷ್ಟ. 'ಯಾವ ಸ್ಟೇಜ್' ಎಂದು ಮಾತ್ರ ಕೇಳಿ ಒಬ್ಬರ ಹಣೆಬರಹ ಓದಲು ಹೊರಡಬೇಡಿ.

ಈಗ ಇವುಗಳ ಮೇಲೆ ಇನ್ನೊಂದು ಪದರ ಬಂದಿದೆ, ಜೀನ್‌ಗಳದ್ದು. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ ಒಂದು ವಿಚಿತ್ರ ಗಿಡ್ಡ ಕ್ರೋಮೋಸೋಮ್ ಇರುವುದು 1960ರಲ್ಲಿ ಕಂಡಿತು. 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆ ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಿಂದ ಹುಟ್ಟುವ ಪ್ರೋಟೀನನ್ನೇ ಕಟ್ಟಿಹಾಕುವ ಇಮಾಟಿನಿಬ್ ಮಾತ್ರೆ 2001ರಲ್ಲಿ ಬಂತು. ಮೊದಲೆಲ್ಲ ಕೆಲವೇ ವರ್ಷ ಬದುಕುತ್ತಿದ್ದವರಲ್ಲಿ ಹೆಚ್ಚಿನವರು ಈಗ ದಿನಾ ಮಾತ್ರೆ ತೆಗೆದುಕೊಂಡು ದಶಕಗಟ್ಟಲೆ ಬಾಳುತ್ತಿದ್ದಾರೆ. ಸ್ತನ ಕ್ಯಾನ್ಸರ್ ರಿಪೋರ್ಟಿನಲ್ಲಿ ಇಆರ್, ಪಿಆರ್ (ಹಾರ್ಮೋನಿನ ಸಂಕೇತ ಹಿಡಿಯುವ ಪ್ರೋಟೀನ್‌ಗಳು), ಹರ್2 (ಬೆಳವಣಿಗೆಯ ಸಂಕೇತ ಹಿಡಿಯುವ ಪ್ರೋಟೀನ್) ಎಂದು ಬರೆಯುವುದೂ ಇದಕ್ಕಾಗಿಯೇ. ಯಾವ ಔಷಧಿ ನಾಟುತ್ತದೆ ಎಂಬುದು ಆ ಸಾಲಿನಲ್ಲಿರುತ್ತದೆ.

ಇನ್ನು ಸಭಿಕರು ಕೇಳಿದ ಕೆಲವು ಪ್ರಶ್ನೆಗಳು.

ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆಯೇ ಎಂದು ಹಿರಿಯರೊಬ್ಬರು ಕೇಳಿದರು. ಸೂಜಿಯ ದಾರಿಯಲ್ಲಿ ಕೋಶಗಳು ಉಳಿಯುವುದು ಬಹುತೇಕ ಕ್ಯಾನ್ಸರ್‌ಗಳಲ್ಲಿ ತೀರ ಅಪರೂಪ. ಬಯಾಪ್ಸಿ ಇಲ್ಲದೆ ಯಾವ ಬಗೆಯದೆಂದು ತಿಳಿಯದೆ ಚಿಕಿತ್ಸೆ ಮಾಡುವುದು, ಇಲ್ಲವೇ ಭಯದಿಂದ ತಿಂಗಳುಗಟ್ಟಲೆ ತಳ್ಳುವುದು ಅದಕ್ಕಿಂತ ಎಷ್ಟೋ ಪಾಲು ಅಪಾಯ. ಎಲ್ಲಿ ಸೂಜಿ ಚುಚ್ಚಬಾರದೋ ಅದು ಡಾಕ್ಟರುಗಳಿಗೆ ಗೊತ್ತು. ವೃಷಣದ ಕ್ಯಾನ್ಸರಿನ ಅನುಮಾನವಿದ್ದರೆ ಸೂಜಿ ಹಾಕದೆ ವೃಷಣವನ್ನೇ ತೆಗೆದು ಪರೀಕ್ಷಿಸುವುದು ವಾಡಿಕೆ.

ನೋವಿಲ್ಲದ ಗಂಟು ನಿರಪಾಯವೇ? ಅಲ್ಲ. ಆರಂಭದ ಕ್ಯಾನ್ಸರ್ ಗಂಟುಗಳಲ್ಲಿ ಹೆಚ್ಚಿನವು ನೋಯುವುದಿಲ್ಲ. ಗಟ್ಟಿಯಾಗಿದ್ದು, ಅಲುಗಾಡದೆ, ದಿನೇ ದಿನೇ ದೊಡ್ಡದಾಗುವ ಗಂಟನ್ನು ನೋವಿಲ್ಲವೆಂದು ಬಿಡಬೇಡಿ.

ಕೊನೆಯ ಪ್ರಶ್ನೆ ಒಬ್ಬ ತಾಯಿಯದು. ಹತ್ತು ವರ್ಷ ಆರಾಮಾಗಿದ್ದವರಿಗೆ ಮತ್ತೆ ಬರುವುದು ಹೇಗೆ, ಮೊದಲು ಸರಿಯಾಗಿ ತೆಗೆದಿರಲಿಲ್ಲವೇ ಎಂದು. ಸರಿಯಾಗಿಯೇ ತೆಗೆದಿರುತ್ತಾರೆ. ಆಪರೇಷನ್ನಿಗೆ ಮೊದಲೇ ಮೂಳೆಗೋ ಇನ್ನೆಲ್ಲಿಗೋ ಹೋಗಿ ಸೇರಿದ ಬೆರಳೆಣಿಕೆಯ ಕೋಶಗಳು ಒಡೆಯದೆ, ಸಾಯದೆ ವರ್ಷಗಟ್ಟಲೆ ಸುಮ್ಮನಿರಬಲ್ಲವು. ಯಾವ ಸ್ಕ್ಯಾನಿಗೂ ಅವು ಸಿಗುವುದಿಲ್ಲ. ಇಆರ್ ಪಾಸಿಟಿವ್ ಸ್ತನ ಕ್ಯಾನ್ಸರಿನಲ್ಲಿ ಈ ಸಾಧ್ಯತೆ ಇಪ್ಪತ್ತು ವರ್ಷದವರೆಗೂ ಇರುವುದರಿಂದಲೇ ಹಾರ್ಮೋನ್ ತಡೆಯುವ ಮಾತ್ರೆಯನ್ನು ಐದು, ಕೆಲವರಿಗೆ ಹತ್ತು ವರ್ಷ ಕೊಡುವುದು. ಮತ್ತೆ ಬಂದಾಗ ಹಳೆಯ ರಿಪೋರ್ಟ್ ಇದೆಯಲ್ಲ, ಇನ್ನೊಂದು ಬಯಾಪ್ಸಿ ಯಾಕೆ ಎಂದು ಮನೆಯವರು ಕೇಳುತ್ತಾರೆ. ಇಷ್ಟು ವರ್ಷಗಳಲ್ಲಿ ಆ ಕೋಶಗಳ ಸಂತತಿ ಬದಲಾಗಿರಬಹುದು, ಮೊದಲು ಇಆರ್ ಪಾಸಿಟಿವ್ ಇದ್ದದ್ದು ಈಗ ನೆಗೆಟಿವ್ ಆಗಿರಬಹುದು, ಆಗ ಹಳೆಯ ಮಾತ್ರೆ ನಾಟುವುದಿಲ್ಲ. ಸಾಧ್ಯವಿದ್ದರೆ ಹೊಸ ಗಡ್ಡೆಯ ಒಂದು ಚೂರನ್ನು ಕಳಿಸಲು ಒಪ್ಪಿಕೊಳ್ಳಿ ತಾಯಿ, ನಾವು ಹಳೆಯ ಸ್ಲೈಡನ್ನೂ ಹೊಸ ಸ್ಲೈಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ.